ಮನೆಯೊಳಗೊಂದು ಸಿಂಹದ ಮರಿ

ಕಾಡುಪ್ರಾಣಿಯನ್ನು ಮನುಷ್ಯರು ಸಾಕುವ ಹಳೇ ಕಾಲದ ಸಿನೆಮಾಗಳಿಗೆ ಒಂದು ಜಾತಕವಿದೆ. ಒಂದನ್ನು ನೋಡಿದರೆ ಉಳಿದವುಗಳ ಭವಿಷ್ಯವನ್ನು ಕೂತಲ್ಲೇ ಹೇಳಬಹುದು. ಮೊದಲ ಹತ್ತು ನಿಮಿಷದೊಳಗೆ ತಾಯಿಪ್ರಾಣಿ ಸಾಯಬೇಕು. ಮನೆಯೊಡತಿ ‘ಇದೊಂದು ಬೇಡ’ ಅನ್ನಬೇಕು, ಮರುದೃಶ್ಯದಲ್ಲಿ ಅವಳ ಕೈಯಲ್ಲೇ ಹಾಲಿನ ಬಾಟಲಿ ಇರಬೇಕು. ಮರಿ ಪರದೆ ಹರಿಯುತ್ತದೆ, ದಿಂಬಿನ ಹತ್ತಿ ಹಿಂಜುತ್ತದೆ, ಊಟಕ್ಕೆ ಬಂದ ದೊಡ್ಡ ಸಾಹೇಬರ ತೊಡೆಯೇರಿ ಕೂರುತ್ತದೆ. ಇಂಟರ್ವಲ್ ಆಗುವಷ್ಟರಲ್ಲಿ ಅದು ಬೆಳೆದು ದೊಡ್ಡದಾಗಿ ಊರವರ ದೂರು, ಸರ್ಕಾರದ ಕಾಗದ ಎರಡೂ ಬಂದಿರುತ್ತವೆ. ಕೊನೆಗೆ ಅದನ್ನು ಕಾಡಿಗೆ ಬಿಡುವ ದೃಶ್ಯ. ನಾಲ್ಕು ಹೆಜ್ಜೆ ಹೋಗಿ ಅದು ಒಮ್ಮೆ ತಿರುಗಿ ನೋಡಲೇಬೇಕು. ತಿರುಗಿ ನೋಡದೆ ಹೋದ ಪ್ರಾಣಿಯ ಸಿನೆಮಾ ದುಡ್ಡು ಮಾಡಿದ್ದನ್ನು ನಾನಂತೂ ಕೇಳಿಲ್ಲ.

ಈ ಜಾತಕ ನನಗೆ ಬಾಯಿಪಾಠವಾದದ್ದು 1970ರ ದಶಕದ ಮೊದಲಲ್ಲಿ, ಸಿಕಂದರಾಬಾದಿನ ಥಿಯೇಟರೊಂದರ ಬೆಳಗಿನ ಆಟದಲ್ಲಿ. ಕಾಚಿಗುಡದ ಕಡೆಯ ನಮ್ಮ ಕನ್ನಡ ಶಾಲೆಯಿಂದ ಹುಡುಗರನ್ನೆಲ್ಲ ‘ಬಾರ್ನ್ ಫ್ರೀ’ ನೋಡಲು ಕರೆದುಕೊಂಡು ಹೋಗಿದ್ದರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಉರ್ದು, ಬಸ್ಸಿನಲ್ಲಿ ತೆಲುಗು ಆಡುತ್ತಿದ್ದ ನಮಗೆ ಇಂಗ್ಲಿಷೊಂದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದ್ದರಿಂದ ನಮ್ಮ ಮಾಸ್ತರರು ಸಾಲಿನ ನಡುವೆ ಕೂತು, ಪರದೆಯ ಮೇಲೆ ನಡೆದದ್ದನ್ನೆಲ್ಲ ಆಗಿಂದಾಗಲೇ ಕನ್ನಡಕ್ಕೆ ತರುತ್ತಿದ್ದರು. “ಈಗ ಆ ಬಾಯಿಗೆ ಸಿಟ್ಟು ಬಂದದ. ಗಂಡ ಬಿಟ್ಟುಬಿಡೋಣು ಅಂತಾನ, ಇಕಿ ಒಲ್ಲೆ ಅಂತಾಳ.” ಹಿಂದಿನ ಸಾಲಿನ ಇಂಗ್ಲಿಷ್ ಶಾಲೆಯ ಹುಡುಗರು ಶ್, ಶ್ ಎಂದಷ್ಟೂ ಅವರ ದನಿ ಏರುತ್ತಿತ್ತು. ಎಲ್ಸಾ ಎಂಬ ಆ ಸಿಂಹಿಣಿಗೆ ಬೇಟೆ ಕಲಿಸಲು ಗಂಡಹೆಂಡತಿ ಪಡುವ ಪಾಡು ಬಂದಾಗ ಅವರು ಭಾಷಾಂತರ ಬಿಟ್ಟು ಸ್ವಂತ ಅಭಿಪ್ರಾಯಕ್ಕೇ ಇಳಿದರು: “ನೋಡ್ರಿ, ನಿಮಗ ಮಗ್ಗಿ ಕಲಸೂದಕ್ಕಿಂತ ಇದು ಹಗುರದ.” ಮರುದಿನ ‘ನಾನು ಸಾಕಿದ ಪ್ರಾಣಿ’ ಎಂದು ಪ್ರಬಂಧ ಬರೆಸಿದರು. ಇಡೀ ತರಗತಿ ಸಿಂಹ ಸಾಕಿತ್ತು. ಒಬ್ಬ ಮಾತ್ರ ತಮ್ಮ ಮನೆಯ ಎಮ್ಮೆಯ ಬಗ್ಗೆ, ಅದು ಹಾಲು ಹಿಂಡುವಾಗ ಬಾಲದಿಂದ ಮುಖಕ್ಕೆ ಹೊಡೆಯುವುದನ್ನೂ ಸೇರಿಸಿ ಬರೆದಿದ್ದ. ಹೆಚ್ಚಿನ ಅಂಕ ಅವನಿಗೇ ಬಂತು.

ಎಲ್ಸಾಳ ಕತೆ ನಿಜವಾಗಿ ನಡೆದದ್ದು. ಕೀನ್ಯಾದಲ್ಲಿ ವನ್ಯಜೀವಿ ವಾರ್ಡನ್ ಆಗಿದ್ದ ಜಾರ್ಜ್ ಆಡಮ್ಸನ್ 1956ರಲ್ಲಿ ಮೈಮೇಲೆ ಬಂದ ಸಿಂಹಿಣಿಯೊಂದನ್ನು ಗುಂಡಿಕ್ಕಿ ಕೊಂದ. ಅದು ಮರಿಗಳನ್ನು ಕಾಯುತ್ತಿದ್ದ ತಾಯಿ ಎಂದು ಗೊತ್ತಾದದ್ದು ಆಮೇಲೆ. ಮೂರು ಮರಿಗಳನ್ನು ಅವನ ಹೆಂಡತಿ ಜಾಯ್ ಸಾಕಿದಳು. ಎರಡು ದೊಡ್ಡವಾಗಿ ಹಾಲೆಂಡಿನ ರಾಟರ್‌ಡ್ಯಾಮ್ ಝೂಗೆ ಹೋದವು. ಸಣ್ಣದು ಎಲ್ಸಾ, ಮನೆಯಲ್ಲೇ ಉಳಿಯಿತು. 1960ರಲ್ಲಿ ಜಾಯ್ ಬರೆದ ಪುಸ್ತಕ ಬಂತು. ಮರುವರ್ಷವೇ ಎಲ್ಸಾ ಉಣ್ಣೆಯಿಂದ ಹರಡುವ ರೋಗಕ್ಕೆ ತುತ್ತಾಗಿ ಸತ್ತಿತು. ಸಿನೆಮಾ ಬಂದದ್ದು 1966ರಲ್ಲಿ. ಅಂದರೆ ನಾವು ‘ಹೋಗು ತಾಯಿ, ಕಾಡಿನಲ್ಲಿ ಸುಖವಾಗಿರು’ ಎಂದು ಮೂಗು ಒರೆಸಿಕೊಂಡ ಹೊತ್ತಿಗೆ ಅದು ಸತ್ತು ಹತ್ತು ವರ್ಷ ಆಗುತ್ತಾ ಬಂದಿತ್ತು. ಮಾಸ್ತರರು ಇದನ್ನು ಹೇಳಲಿಲ್ಲ. ಒಳ್ಳೆಯದೇ ಆಯಿತು.

ಸಿನೆಮಾಕ್ಕಾಗಿ ತಂದಿದ್ದ ಸಿಂಹಗಳ ಗತಿ ಇನ್ನೂ ವಿಚಿತ್ರ. ಬಿಡುಗಡೆಯ ಕತೆಯಲ್ಲಿ ನಟಿಸಿದ ಅವುಗಳಲ್ಲಿ ಹೆಚ್ಚಿನವನ್ನು ಶೂಟಿಂಗ್ ಮುಗಿದ ಮೇಲೆ ಝೂಗಳಿಗೆ ಕಳಿಸಿದರು. ಮೂರನ್ನು ಮಾತ್ರ ಹಠ ಹಿಡಿದು ಜಾರ್ಜ್ ಆಡಮ್ಸನ್‌ಗೆ ಒಪ್ಪಿಸಿದರು. ಆಡಮ್ಸನ್ ದಂಪತಿಯ ಪಾತ್ರ ಮಾಡಿದ ವರ್ಜೀನಿಯಾ ಮೆಕೆನ್ನಾ, ಬಿಲ್ ಟ್ರಾವರ್ಸ್ ನಿಜಜೀವನದಲ್ಲೂ ಗಂಡಹೆಂಡಿರು. ಅವರಿಗೆ ಸಿಂಹಗಳ ಈ ಗತಿ ಎಷ್ಟು ಚುಚ್ಚಿತೆಂದರೆ ನಟನೆಗಿಂತ ಪ್ರಾಣಿಗಳ ವಕಾಲತ್ತೇ ಮುಂದೆ ಅವರ ಉದ್ಯೋಗವಾಯಿತು. ಅವರು ಕಟ್ಟಿದ ಬಾರ್ನ್ ಫ್ರೀ ಸಂಸ್ಥೆಯೇ ಮುಂದೆ ನಮ್ಮ ಬನ್ನೇರುಘಟ್ಟದಲ್ಲಿ, ಪರದೇಶದಲ್ಲಿ ಪಂಜರದೊಳಗೆ ಕೊಳೆಯುತ್ತಿದ್ದ ಹುಲಿಗಳಿಗೆ ನೆಲೆ ಮಾಡಿಕೊಟ್ಟಿತು. ಇದೇ ದಂಪತಿ ಲಂಡನ್ನಿನ ಒಂದು ಕುರ್ಚಿಮೇಜಿನ ಅಂಗಡಿಗೆ ಹೋದಾಗ ಒಳಗೊಂದು ಸಿಂಹ ಓಡಾಡುತ್ತಿತ್ತಂತೆ. ಅಂಗಡಿಯ ಇಬ್ಬರು ಹುಡುಗರು 1969ರಲ್ಲಿ ಅದನ್ನು ಹ್ಯಾರಡ್ಸ್ ಎಂಬ ದೊಡ್ಡ ಮಳಿಗೆಯಿಂದ ಕೊಂಡಿದ್ದರು. ನಮ್ಮ ಬೇಗಂ ಬಜಾರಿನಲ್ಲಿ ಸಿಗದ ಸಾಮಾನಿಲ್ಲ ಎಂದು ಹೆಮ್ಮೆಪಡುವ ನನ್ನ ಹೆಂಡತಿಗೆ ಇದನ್ನು ಹೇಳಿದರೆ, ಆಕೆ ಕೇಳಿದ್ದು ಒಂದೇ ಮಾತು: “ವಾಪಸ್ ತಗೋತಿದ್ರೇನು?”

ಹೈದರಾಬಾದಿನವರಾದ ನಮಗೆ ಇಂಥ ಸಿನೆಮಾ ನೋಡಿದ ಮೇಲೆ ಪ್ರಾಣಿಪ್ರೇಮ ತೋರಿಸಲು ಇದ್ದದ್ದು ಒಂದೇ ಜಾಗ, ಬಹಾದೂರ್‌ಪುರದ ನೆಹರು ಝೂ. ಮೀರ್ ಆಲಂ ಕೆರೆಯ ಪಕ್ಕದ 380 ಎಕರೆ. 1963ರ ಅಕ್ಟೋಬರ್ 6ರಂದು ತೆರೆಯಿತು. ಭಾನುವಾರ ಬಂದರೆ ಊರಿಗೆ ಊರೇ ಅಲ್ಲಿ. ಟಿಫಿನ್ ಕ್ಯಾರಿಯರು, ಚಾಪೆ, ನೀರಿನ ಸುರಾಹಿ, ಬುರ್ಖಾದ ಖಾಲಾಗಳು, ಮಡಿಯಲ್ಲಿದ್ದೂ ಬಂದ ನಮ್ಮ ಅಜ್ಜಿಯರು. ಸಿನೆಮಾದಲ್ಲಿ ಸಿಂಹ ಸ್ವತಂತ್ರವಾಯಿತೆಂದು ಅತ್ತವರೇ ಇಲ್ಲಿ ಸಫಾರಿ ಬಸ್ಸು ಹತ್ತಿ, ಜಾಲರಿಯ ಹಿಂದೆ ಕೂತು, ‘ಏಳ್ತಾ ಇಲ್ಲವಲ್ಲ, ಎಬ್ಬಿಸ್ರೀ’ ಎಂದು ಡ್ರೈವರಿಗೆ ದುಂಬಾಲು ಬೀಳುತ್ತಿದ್ದರು. ಬಸ್ಸಿನಲ್ಲಿದ್ದವರು ಪಂಜರದೊಳಗೆ, ಸಿಂಹ ಹೊರಗೆ. ಅದು ನಮ್ಮನ್ನು ನೋಡಿ ಆಕಳಿಸುವುದನ್ನು ಕಂಡರೆ ಈ ಏರ್ಪಾಟು ಅದಕ್ಕೂ ಅರ್ಥವಾದಂತಿತ್ತು.

ಅಲ್ಲೇ ಒಂದು ದೈತ್ಯ ಆಮೆ ಇತ್ತು, ಹೆಸರು ಚಾಣಕ್ಯ. ಮೊದಲು ಬಾಗ್-ಎ-ಆಮ್, ಅಂದರೆ ಪಬ್ಲಿಕ್ ಗಾರ್ಡನ್ಸಿನಲ್ಲಿದ್ದದ್ದನ್ನು ಝೂ ಶುರುವಾದಾಗ ಇಲ್ಲಿಗೆ ತಂದರಂತೆ. 2024ರಲ್ಲಿ ಸತ್ತಾಗ ಅದರ ವಯಸ್ಸು 125ರ ಆಸುಪಾಸು ಎಂದು ಪತ್ರಿಕೆಗಳಲ್ಲಿ ಬಂತು. ನಿಜಾಮರು ಹೋದರು, ರಜಾಕಾರರು ಬಂದುಹೋದರು, ಭಾಷಾವಾರು ಪ್ರಾಂತ್ಯವಾಗಿ ನಮ್ಮ ಕಲಬುರ್ಗಿ, ರಾಯಚೂರು ಆಚೆ ಹೋದವು, ತೆಲಂಗಾಣ ಬೇರೆಯಾಯಿತು. ಚಾಣಕ್ಯ ಸೊಪ್ಪು ತಿನ್ನುತ್ತಾ ಇತ್ತು. ಮನುಷ್ಯರ ಕೈಯಲ್ಲಿ ಇಷ್ಟು ದೀರ್ಘಕಾಲ ಬಾಳಿದ ಕಾಡುಜೀವಿ ಈ ಊರಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಆದರೂ ಅದರ ಬಗ್ಗೆ ಯಾರೂ ಸಿನೆಮಾ ತೆಗೆಯಲಿಲ್ಲ. ಬಾಟಲಿ ಹಾಲು ಕುಡಿಯುವುದಿಲ್ಲ, ಪರದೆ ಹರಿಯುವುದಿಲ್ಲ. ಇನ್ನು ತಿರುಗಿ ನೋಡಿ ಎಂದರೆ ಕ್ಯಾಮೆರಾದವರು ಊಟ ಮುಗಿಸಿ ಬರಬೇಕು.

ಈಚೆಗೆ ಝೂನಲ್ಲಿ ಪ್ರಾಣಿಗಳನ್ನು ದತ್ತು ಕೊಡುತ್ತಾರೆ. ಮನೆಗೆ ಒಯ್ಯುವಂತಿಲ್ಲ, ಮೇವಿನ ಖರ್ಚು ಕೊಟ್ಟರಾಯಿತು. ಹುಟ್ಟುಹಬ್ಬಕ್ಕೆ ಜಿರಾಫೆ, ಮದುವೆಯ ವಾರ್ಷಿಕೋತ್ಸವಕ್ಕೆ ಆನೆ ಎಂದು ಶ್ರೀಮಂತರು ಪಡೆಯುತ್ತಾರೆ. ದೊಡ್ಡ ಬ್ಯಾಂಕೊಂದು ಹುಲಿಗಳನ್ನೇ ದತ್ತು ಪಡೆದದ್ದು ಪೇಪರಿನಲ್ಲಿ ಬಂದಿತ್ತು. ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತನಾದ ನನಗೆ ಅಚ್ಚರಿಯೇನೂ ಆಗಲಿಲ್ಲ. ಸಾಲ ವಸೂಲಿ ವಿಭಾಗದವರ ಸಲಹೆ ಇದ್ದಿರಬಹುದು.

ನಮ್ಮ ಮೇಲಿನ ಮನೆಯ ಚಾಚಾ ಹಿಂದೆ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಗೋಡೆಯ ತೂತಿನಿಂದ ಎಷ್ಟೋ ಸಾವಿರ ಸಲ ಸಿನೆಮಾ ನೋಡಿದ್ದಾರೆ. ‘ಜಾನ್ವರ್ ಕಾ ಪಿಕ್ಚರ್’ ಎಂದರೆ ಅವರ ಮಟ್ಟಿಗೆ ಒಂದೇ, 1971ರ ‘ಹಾಥಿ ಮೇರೆ ಸಾಥಿ’. ರಾಜೇಶ್ ಖನ್ನಾ ಚಿಕ್ಕವನಿದ್ದಾಗ ಆನೆಗಳು ಚಿರತೆಯಿಂದ ಅವನನ್ನು ಉಳಿಸುತ್ತವೆ. ಬೆಳೆದ ಮೇಲೆ ಅವನು ಅವುಗಳನ್ನು ಸಾಕುತ್ತಾನೆ, ಆಸ್ತಿ ಹೋದಾಗ ಅವೇ ಆಟ ಆಡಿ ಅವನನ್ನು ಸಾಕುತ್ತವೆ. ಮಗು ಹುಟ್ಟಿದ ಮೇಲೆ ಹೆಂಡತಿ ತನುಜಾಗೆ ಆನೆಯ ಮೇಲೆ ಅನುಮಾನ. ಕಡೆಗೆ ರಾಮು ಎಂಬ ಆನೆ ಯಜಮಾನನಿಗೆ ಬೀಳಬೇಕಾದ ಗುಂಡಿಗೆ ತಾನೇ ಎದೆ ಕೊಡುತ್ತದೆ. “ಆ ರೀಲು ಹಾಕಿದಾಗ ಕೆಳಗೆ ಗೇಟ್‌ಕೀಪರ್ ಕೂಡ ಅಳ್ತಿದ್ದ ಭಾಯಿ, ದಿನಾ ನಾಲ್ಕು ಸಲ” ಎನ್ನುತ್ತಾರೆ ಚಾಚಾ. ತಾವು ಅತ್ತಿದ್ದನ್ನು ಹೇಳುವುದಿಲ್ಲ. ಆಪರೇಟರ್ ಅತ್ತರೆ ಕಾರ್ಬನ್ ಕಡ್ಡಿ ಯಾರು ನೋಡಬೇಕು?

ಆ ಸಿನೆಮಾ ತೆಗೆದವರು ತಮಿಳಿನ ಸ್ಯಾಂಡೋ ಚಿನ್ನಪ್ಪ ದೇವರ್. ‘ಸ್ಯಾಂಡೋ’ ಎಂಬುದು ಅವರ ಅಂಗಸಾಧನೆಗೆ ಬಂದ ಬಿರುದು. ಇತ್ತ ಕನ್ನಡದಲ್ಲಿ ಕಾಡು, ಕಾಡುಪ್ರಾಣಿ ಎಂದು ಹಟ ಹಿಡಿದು ಸಿನೆಮಾ ಮಾಡಿದವರು ಎಂ.ಪಿ. ಶಂಕರ್. ಅವರೂ ಮೈಸೂರಿನ ಗರಡಿಯಿಂದ ಬಂದ ಪೈಲ್ವಾನರು. ಜಟ್ಟಿಗಳಿಗೂ ಕಾಡುಪ್ರಾಣಿಗಳಿಗೂ ಏನೋ ಒಳಒಪ್ಪಂದ ಇದ್ದಂತಿದೆ. ಕವಿಗಳಿಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಶಂಕರ್ 1973ರಲ್ಲಿ ತೆಗೆದ ‘ಗಂಧದ ಗುಡಿ’ಯಲ್ಲಿ ರಾಜಕುಮಾರ್ ಅರಣ್ಯಾಧಿಕಾರಿ. 2024ರಲ್ಲಿ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಬೆಂಗಳೂರಿಗೆ ಹೋಗಿ, ಬೆಳೆ ಹಾಳುಮಾಡುವ ಆನೆಗಳನ್ನು ಓಡಿಸಲು ಪಳಗಿದ ಕುಮ್ಕಿ ಆನೆಗಳನ್ನು ಕೇಳಿದಾಗ ಇದೇ ಸಿನೆಮಾದ ಹೆಸರೆತ್ತಿದರು: ಆಗಿನ ನಾಯಕ ಕಾಡು ಕಾಯುತ್ತಿದ್ದ, ಈಗಿನ ನಾಯಕ ಮರ ಕಡಿದು ಸಾಗಿಸುತ್ತಾನೆ ಎಂಬರ್ಥದಲ್ಲಿ. ಹೈದರಾಬಾದಿನ ಸಿನೆಮಾ ಗಲ್ಲಿಗಳಲ್ಲಿ ಅದರ ಮೇಲೆ ಒಂದು ವಾರ ಚಹಾ ಖರ್ಚಾಯಿತು. ಮರುವರ್ಷ ಆನೆಗಳು ಬಂದವು. ಭಾಷೆಯ ಚಿಂತೆ ಏನೂ ಬೀಳಲಿಕ್ಕಿಲ್ಲ, ನಮ್ಮ ಮಾವುತರು ಆನೆಗೆ ಹೇಳುವ ಮಾತಿನಲ್ಲಿ ಉರ್ದು ಧಾರಾಳವಾಗಿ ಬೆರೆತಿದೆ. ಮೊಹರಮ್ಮಿನಲ್ಲಿ ಬೀಬಿ ಕಾ ಅಲಂ ಹೊರಲು ಹಳೇ ಊರಿಗೂ ಕರ್ನಾಟಕದಿಂದ ಆನೆ ತರಿಸಿದ್ದುಂಟು. ಅದೂ ನಮ್ಮಂತೆಯೇ, ಕಾಡಿನಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು.

ಆನೆ, ಉರ್ದು, ಮೈಸೂರು ಮೂರೂ ಸೇರಿದರೆ ನನಗೆ ಸಾಬು ನೆನಪಾಗದೆ ಇರುವುದಿಲ್ಲ. ಈ ಜಾತಿಯ ಸಿನೆಮಾಕ್ಕೆಲ್ಲ ನನ್ನ ಲೆಕ್ಕದಲ್ಲಿ ಅವನೇ ಮೂಲಪುರುಷ. 1924ರಲ್ಲಿ ಹುಟ್ಟಿದ್ದು ಕಬಿನಿಯ ದಂಡೆಯ ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಯ ಮಾವುತ. ತಾಯಿ ಎಳವೆಯಲ್ಲೇ ತೀರಿಕೊಂಡಳು, ತೊಟ್ಟಿಲು ತೂಗುವುದನ್ನು ಅಪ್ಪ ಆನೆಗೆ ಕಲಿಸಿದ್ದ ಎಂದು ಆಮೇಲೆ ಪ್ರಚಾರದವರು ಬರೆದರು. ನಿಜವೋ ಸುಳ್ಳೋ, ಬರೆದವನಿಗೆ ನಾನು ಹೇಳಿದ ಜಾತಕ ಚೆನ್ನಾಗಿ ಗೊತ್ತಿತ್ತು. ಅಪ್ಪನೂ ಹೋದ ಮೇಲೆ ಹುಡುಗ ಅರಮನೆಯ ಆನೆ ಲಾಯದ ಆಸರೆಯಲ್ಲಿ ಬೆಳೆದ.

1935ರಲ್ಲಿ ರಾಬರ್ಟ್ ಫ್ಲಹರ್ಟಿ ಎಂಬ ಅಮೆರಿಕನ್ ನಿರ್ದೇಶಕ ಮೈಸೂರಿಗೆ ಬಂದಿಳಿದ. ಹಿಮದ ನಾಡಿನ ನಾನೂಕನ ಸಿನೆಮಾ ತೆಗೆದು ಆಗಲೇ ಹೆಸರಾಗಿದ್ದವನು. ಕಿಪ್ಲಿಂಗನ ಆನೆ ಹುಡುಗ ತೂಮಾಯಿಯ ಕತೆ ಸಿನೆಮಾ ಆಗಬೇಕಿತ್ತು, ದುಡ್ಡು ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾನದು. ಮಹಾರಾಜರು ಇಳಿದುಕೊಳ್ಳಲು ಚಿತ್ತರಂಜನ್ ಮಹಲ್ ಬಿಟ್ಟುಕೊಟ್ಟರು, ಆನೆ ಕೊಟ್ಟರು, ಕಾಡು ಕೊಟ್ಟರು. ಆನೆಯೇನೋ ಸುಲಭವಾಗಿ ಸಿಕ್ಕಿತು, ಐರಾವತ ಎಂಬ ಭಾರಿ ಗಂಡಾನೆ. ಹುಡುಗ ಸಿಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದವನು ಸಾಬು.

‘ಎಲಿಫೆಂಟ್ ಬಾಯ್’ 1937ರಲ್ಲಿ ಬಂತು. ಚಾಚಾನನ್ನು ಕೂರಿಸಿಕೊಂಡು ಅದನ್ನು ಕಂಪ್ಯೂಟರಿನಲ್ಲಿ ನೋಡಿದೆ. ಕಪ್ಪುಬಿಳುಪು, ನಡುನಡುವೆ ಮಳೆ ಸುರಿದಂತೆ ಗೀರು. ಮೊದಲಿಗೆ ಹುಡುಗ ತಾನೇ ಕ್ಯಾಮೆರಾದ ಮುಂದೆ ನಿಂತು ಕತೆಯ ಪೀಠಿಕೆ ಹೇಳುತ್ತಾನೆ. ತಲೆಗೆ ರುಮಾಲು, ಬರಿಮೈ. ಇಂಗ್ಲಿಷ್ ಅವನಿಗೆ ಹೊಸದು, ಬಾಯಿಪಾಠ ಒಪ್ಪಿಸುತ್ತಿರುವುದು ಕಿವಿಗೆ ತಿಳಿಯುತ್ತದೆ. ಆದರೆ ಆಮೇಲೆ ಹೊಳೆಯಲ್ಲಿ ಆನೆ ಮೀಯಿಸುವ ದೃಶ್ಯ ಬರುತ್ತದೆ ನೋಡಿ, ಅಲ್ಲಿ ಬಾಯಿಪಾಠ ಏನೂ ಇಲ್ಲ. ಸೊಂಡಿಲಿನ ಮೇಲೆ ಕಾಲಿಟ್ಟು, ಹಣೆಯ ಮೇಲೆ ಕೈಯೂರಿ ಹತ್ತುವಾಗ ಹುಡುಗ ಕೆಳಗೆ ನೋಡುವುದೇ ಇಲ್ಲ. ಅಷ್ಟು ದೊಡ್ಡ ಪ್ರಾಣಿ ನೀರಿನಲ್ಲಿ ಪಕ್ಕಕ್ಕೆ ಒರಗುತ್ತದೆ, ಇವನು ಅದರ ಮೈಮೇಲೆ ಓಡಾಡಿಕೊಂಡು ಉಜ್ಜುತ್ತಾನೆ. ನಮ್ಮ ಮನೆಯಲ್ಲಿ ಮೊಮ್ಮಗನಿಗೆ ಎಣ್ಣೆಸ್ನಾನ ಮಾಡಿಸಲು ಮೂವರು ಬೇಕು.

ಕತೆ ಹೆಚ್ಚಿಲ್ಲ. ಅಪ್ಪನನ್ನು ಹುಲಿ ಕೊಲ್ಲುತ್ತದೆ, ಆನೆ ದುಷ್ಟನೊಬ್ಬನ ಪಾಲಾಗುತ್ತದೆ. ಹುಡುಗ ಆನೆಯೊಂದಿಗೆ ರಾತ್ರೋರಾತ್ರಿ ಕಾಡು ಸೇರಿ, ಯಾರೂ ಕಾಣದ ಆನೆಗಳ ಕುಣಿತ ಕಂಡು ಬರುತ್ತಾನೆ. ಫ್ಲಹರ್ಟಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ಮನಸ್ಸಿಗೆ ಬಂದಂತೆ ತೆಗೆದದ್ದಕ್ಕೆ ಕತೆ ಸಾಲದೆಂದು, ಉಳಿದದ್ದನ್ನು ಅಲೆಕ್ಸಾಂಡರನ ತಮ್ಮ ಜೋಲ್ಟನ್ ಇಂಗ್ಲೆಂಡಿನ ಡೆನ್ಹಮ್ ಸ್ಟುಡಿಯೋದಲ್ಲಿ ತೆಗೆದ. ಎಲ್ಲಿ ಕಾಡು ಮುಗಿದು ಎಲ್ಲಿ ರಟ್ಟು ಶುರುವಾಗುತ್ತದೆಂದು ಚಾಚಾ ಸರಿಯಾಗಿ ಬೊಟ್ಟು ಮಾಡಿ ತೋರಿಸಿದರು. ಆದರೂ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರಿಗೂ ನಿರ್ದೇಶನದ ಬಹುಮಾನ ಬಂತು.

ಆ ಸ್ಟುಡಿಯೋ ಕೆಲಸಕ್ಕೆಂದು ಹುಡುಗ ಅಣ್ಣನ ಜೊತೆ ಹಡಗು ಹತ್ತಿದ. ಅಣ್ಣನ ಹೆಸರು ಶೇಕ್ ದಸ್ತಗೀರ್. ಕಾಗದಪತ್ರದ ಗಡಿಬಿಡಿಯಲ್ಲಿ ಅಣ್ಣನ ಹೆಸರೇ ತಮ್ಮನ ಅಡ್ಡಹೆಸರಾಗಿ, ಜಗತ್ತಿಗೆ ಅವನು ಸಾಬು ದಸ್ತಗೀರ್ ಆದ. ಐರಾವತ ಹಡಗು ಹತ್ತಲಿಲ್ಲ. ಇಲ್ಲಿಂದ ಮುಂದೆ ನನಗೆ ಆ ಜಾತಕದ ಚೌಕಗಳು ಅದಲುಬದಲಾದಂತೆ ಕಾಣುತ್ತವೆ. ತಾಯಿಯಿಲ್ಲದ ಮರಿ, ಸಾಕಲು ಮುಂದಾದ ದೊರೆಮಂದಿ, ಇಸ್ಕೂಲು, ಕೋಟು ಬೂಟು, ಎಲ್ಲರೂ ಮುದ್ದು ಮಾಡುವವರೇ. ಕಾಡಿಗೆ ಮರಳಿ ಬಿಡುವ ಕೊನೆಯ ರೀಲು ಮಾತ್ರ ಬರಲೇ ಇಲ್ಲ. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೋಗ್ಲಿ, ತೋಳಗಳು ಸಾಕಿದ ಮನುಷ್ಯನ ಮರಿ. ಸ್ಟುಡಿಯೋದವರು ಸಾಕಿದ ಕಾಡುಹುಡುಗನಿಗೆ ಆ ಪಾತ್ರ ಕೊಟ್ಟವರು ನಕ್ಕರೋ ಇಲ್ಲವೋ. 1944ರಲ್ಲಿ ಅಮೆರಿಕದ ಪ್ರಜೆಯಾದ, ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದ ಕಡೆ ಕೂತು ಗುಂಡು ಹಾರಿಸಿ ಪದಕ ಪಡೆದ. ಆನೆಯ ಕತ್ತಿನ ಮೇಲೆ ಕೂತು ಬೆಳೆದವನಿಗೆ ವಿಮಾನದ ಬಾಲ! ಯುದ್ಧ ಮುಗಿದ ಮೇಲೆ ಒಳ್ಳೆಯ ಪಾತ್ರ ಬರುವುದು ಕಡಿಮೆಯಾಗಿ ಅಣ್ಣತಮ್ಮ ಸೇರಿ ಫರ್ನಿಚರ್ ಅಂಗಡಿ ಇಟ್ಟರು. ಕುರ್ಚಿಮೇಜಿಗೂ ಕಾಡಿನ ಮರಿಗಳಿಗೂ ಇರುವ ನಂಟು ನನಗಿನ್ನೂ ಬಗೆಹರಿದಿಲ್ಲ.

ಇತ್ತ ಕಾರಾಪುರವೂ ಕಾರಾಪುರವಾಗಿ ಉಳಿಯಲಿಲ್ಲ. ಪಕ್ಕದ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ಆಯಿತು. ಕಬಿನಿಗೆ ಅಣೆಕಟ್ಟು ಬಂದು ಆನೆ ಹಿಡಿಯುತ್ತಿದ್ದ ನೆಲ ನೀರಿನ ಪಾಲಾಯಿತು. ಮಹಾರಾಜರ ಬೇಟೆ ಬಂಗಲೆಯಿದ್ದಲ್ಲಿ ಈಗ ಪ್ರವಾಸಿಗಳ ರೆಸಾರ್ಟು. ಅಲ್ಲಿ ಇಳಿದುಕೊಳ್ಳುವ ನಮ್ಮ ಗಚ್ಚಿಬೌಲಿಯ ಸಾಫ್ಟ್‌ವೇರ್ ಮಕ್ಕಳಿಗೆ ಜೀಪಿನಲ್ಲಿ ಕರಿಚಿರತೆ ಕಂಡೀತೇ ಎಂಬುದೊಂದೇ ಕಾತರ.

ಸಾಬು 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39. ನಮ್ಮ ಝೂ ಬಾಗಿಲು ತೆರೆದು ಎರಡು ತಿಂಗಳೂ ತುಂಬಿರಲಿಲ್ಲ. ಅವನ ಕೊನೆಯ ಸಿನೆಮಾ ‘ಎ ಟೈಗರ್ ವಾಕ್ಸ್’ ಮರುವರ್ಷ ತೆರೆಕಂಡಿತು. ಡಿಸ್ನಿಯವರದು, ಮನೆಮಂದಿಯೆಲ್ಲ ಕೂತು ನೋಡುವಂಥದು. ಅದರಲ್ಲಿ ಅವನು ಸರ್ಕಸ್ಸಿನ ಹುಲಿ ನೋಡಿಕೊಳ್ಳುವ ಹಿಂದೂಸ್ತಾನದವನು. ಹುಲಿ ಪಂಜರದಿಂದ ತಪ್ಪಿಸಿಕೊಳ್ಳುತ್ತದೆ. ಕೊಲ್ಲಿ ಎನ್ನುವವರು ಒಂದು ಕಡೆ. ಕೊಲ್ಲಬೇಡಿ ಎಂದು ದೇಶದ ಮಕ್ಕಳೆಲ್ಲ ಚಿಲ್ಲರೆ ಕೂಡಿಸಿ ಚಂದಾ ಎತ್ತುತ್ತಾರೆ, ಹುಲಿಯನ್ನು ಕೊಂಡು ಝೂಗೆ ಕೊಡಲು.

ಈ ಕತೆ ಹೇಳಿದ್ದೇ ತಪ್ಪಾಯಿತು. ಮೊಮ್ಮಗ ಒಳಗೆ ಹೋಗಿ ತನ್ನ ಗಲ್ಲಾಪೆಟ್ಟಿಗೆ ತಂದು ಹಾಸಿಗೆಯ ಮೇಲೆ ಬೋರಲು ಹಾಕಿದ. ನಮ್ಮ ಝೂನಲ್ಲೂ ಹುಲಿ ದತ್ತು ಸಿಗುತ್ತದೆಂದು ಅವನಿಗೆ ಗೊತ್ತು. ಚಾಚಾ ಜೇಬಿನಿಂದ ನೂರರ ನೋಟು ತೆಗೆದು ಇಟ್ಟು, “ಸಾಬೂಮಿಯಾ ಕೇ ನಾಮ್ ಪೇ” ಎಂದರು. ನಾನೂ ಇಟ್ಟೆ. ಎಣಿಸಿದರೆ ಹುಲಿಯ ಒಂದು ಹೊತ್ತಿನ ಊಟಕ್ಕೂ ಆಗುತ್ತದೋ ಇಲ್ಲವೋ ಎನ್ನುವಷ್ಟಿತ್ತು.

ನಮ್ಮಾಕಿ ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಳು: “ಹುಲಿ ಬ್ಯಾಡ, ಅದನ್ನ ನೋಡ್ಲಿಕ್ಕೆ ಬ್ಯಾಂಕಿನವರು ಅದಾರ. ಆಮಿ ಕೇಳ್ರಿ. ಸೊಪ್ಪು ತಿಂತದ, ನಮ್ಮ ಏಕಾದಶಿಗೂ ಅಡ್ಡಿಲ್ಲ.”

“ಆಮಿ ಮುನ್ನೂರು ವರ್ಷ ಬಾಳ್ತಾವಂತ ಅಜ್ಜಿ,” ಎಂದ ಮೊಮ್ಮಗ, “ಅಷ್ಟೂ ವರ್ಷ ರೊಕ್ಕ ಯಾರು ಕಟ್ಟಬೇಕು?”

“ನೀನು,” ಎಂದಳು.